ಗಾಳಿ ಬಂದಾಗ ತೂರಿಕೊಂಡ ಊರು

ಹೋದ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮೂರು ಠಾಣಾ ಕುಶನೂರ. ಬೀದರ ಜಿಲ್ಲೆಯವರಿಗೆ ಎಳ್ಳಮಾವಾಸ್ಯೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂದವರಿಗೆಲ್ಲ ಉಣಿಸಿ, ಹೊತ್ತು ಮುಳುಗುವ ಮುಂದ ಮನೆಗೆ ಬರುವ ಹಬ್ಬ.

ಮರುದಿನ ಮುಂಜಾನೆ ಆರೂವರೆಗೆ ಎದ್ದು ಅಂಗಳಕ್ಕೆ ಬಂದೆ. ಊರ ಮೇಲೆ ಬೂದು ಬಣ್ಣದ ಪದರೊಂದು ಹಾಸಿತ್ತು. ಮಾಳಿಗೆಗಿಂತ ಸ್ವಲ್ಪ ಮೇಲೆ ಅದು ನಿಂತುಬಿಟ್ಟಿತ್ತು. ಮೇಲಕ್ಕೂ ಏರದು, ಆಚೆಗೂ ಸರಿಯದು. ಇಬ್ಬನಿ ಇರಬೇಕು ಅಂದುಕೊಂಡೆ. ಉಸಿರು ಎಳೆದರೆ ಸುಟ್ಟ ಕಟ್ಟಿಗೆಯ ವಾಸನೆ. ಕಾಕಾನ ಮಗ ಮೊಬೈಲಿನಲ್ಲಿ ಊರ ಹೆಸರು ಹಾಕಿ ಒಂದು ಅಂಕಿ ತೋರಿಸಿದ. ಕೇಸರಿ ಬಣ್ಣದಲ್ಲಿ ಬಂದಿತ್ತು. "ಅಣ್ಣಾ, ನೋಡಿಲ್ಲಿ, ನಮ್ಮ ಊರಿನ ಹವಾನೂ ಕೆಟ್ಟದಂತ," ಅಂದ.

ಒಳಗೆ ಒಲೆಯ ಮುಂದೆ ಕೂತಿದ್ದ ಆಯಿಗೆ ಇದು ಕೇಳಿಸಿತು. ಎಂಬತ್ತು ದಾಟಿದ ಆಯಿಗೆ ದಮ್ಮು. "ಅದರಾಗ ಏನ್ ನೋಡ್ಲತ್ತೀರೋ? ಗಾಳಿ ಬಿದ್ದದ, ಅದಕ್ಕ ಹೊಗಿ ನಿಂತದ. ಬಿಸಲ ಏರಿದ ಮ್ಯಾಲ ಹೋಗ್ತದ," ಅಂದಳು. ಹತ್ತು ಗಂಟೆಯ ಹೊತ್ತಿಗೆ ಅದು ಹೋಯಿತು ಕೂಡ.

ಮೊಬೈಲಿನ ಆ ಅಂಕಿ ನಮ್ಮೂರಲ್ಲಿ ಯಾರೋ ಯಂತ್ರ ಇಟ್ಟು ಅಳೆದದ್ದಲ್ಲ. ಉಪಗ್ರಹದ ಚಿತ್ರ, ದೂರದ ಶಹರಗಳ ಮಾಪಕಗಳು, ಗಣಕಯಂತ್ರದ ಲೆಕ್ಕ ಇವನ್ನೆಲ್ಲ ಕೂಡಿಸಿ ಕಟ್ಟಿದ ಅಂದಾಜು. ಆಯಿ ಹೇಳಿದ್ದರಲ್ಲಿ ಮಾತ್ರ ಕಾರಣ ಇತ್ತು. ಹೊಗೆ ಎಷ್ಟಿದೆ ಅನ್ನುವುದಕ್ಕಿಂತ ಗಾಳಿ ಏನು ಮಾಡುತ್ತಿದೆ ಅನ್ನುವುದನ್ನು ಆಕೆ ಮೊದಲು ನೋಡಿದ್ದಳು. ಅಲ್ಲಿಂದ ನನಗೊಂದು ಪ್ರಶ್ನೆ ಹತ್ತಿತು. ರಾಜರ ಇತಿಹಾಸ ಇದೆ, ಕೋಟೆಯ ಇತಿಹಾಸ ಇದೆ, ಬರಗಾಲದ ಇತಿಹಾಸವೂ ಇದೆ. ನಮ್ಮೂರಿನ ಗಾಳಿಯ ಇತಿಹಾಸ ಎಲ್ಲಿದೆ?

ಮೊದಲು ನೆಲ ನೋಡೋಣ. ಕರ್ನಾಟಕದ ಭೂಪಟದ ನೆತ್ತಿಯ ಮೇಲೆ ಬೀದರ, ಬೀದರಿನ ನೆತ್ತಿಯ ಮೇಲೆ ಔರಾದ. ಠಾಣಾ ಕುಶನೂರ ಮೊದಲಿಂದ ಔರಾದ ತಾಲ್ಲೂಕಿನ ಹೋಬಳಿ, ಈಚೆಗೆ ಕಮಲನಗರ ತಾಲ್ಲೂಕಿಗೆ ಸೇರಿದೆ. ಠಾಣಾ ಅಂದರೆ ಕಾವಲಿನ ಚೌಕಿ. ಕಲಬುರಗಿ ಹತ್ತಿರವೂ ಒಂದು ಕುಸನೂರ ಇರುವುದರಿಂದ ಆ ಮುಂಗುರುತು ನಮಗೆ ಉಪಯೋಗಕ್ಕೇ ಬಂದಿದೆ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇವಣಿ. ಇನ್ನೊಂದು ಕಡೆ ತೆಲಂಗಾಣ. 1956ರ ತನಕ ಇದೆಲ್ಲ ಒಂದೇ ಬೀದರ ಜಿಲ್ಲೆ, ಹೈದರಾಬಾದ್ ರಾಜ್ಯದ್ದು. ಹಾಗಾಗಿ ನಮ್ಮಲ್ಲಿ ಒಂದೇ ಗಾಳಿಗೆ ಮೂರು ಹೆಸರು: ಗಾಳಿ, ಹವಾ, ವಾರಾ. ಮುಂಜಾನೆಯ ಮಂಜಿಗೆ ಮರಾಠಿಯ ಧುಕೆ ಅನ್ನುವವರೂ ಉಂಟು. ರಾಜ್ಯದ ಗಡಿ ಗೆರೆ ಎಳೆದು ಎಪ್ಪತ್ತು ವರ್ಷವಾಗುತ್ತ ಬಂತು. ಗಾಳಿಗೆ ಅದು ಇನ್ನೂ ಗೊತ್ತಾಗಿಲ್ಲ.

ಕಾಲ ಕೆಳಗಿನ ಕಲ್ಲು ದಖ್ಖನ್ನಿನ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ಅದು ಸವೆದು ನಮ್ಮ ಎರೆ ಭೂಮಿಯಾಗಿದೆ. ಮಳೆ ಬಿದ್ದರೆ ಕಾಲು ಹಿಡಿದು ಬಿಡದ ಕೆಸರು, ಬೇಸಿಗೆ ಬಂದರೆ ಕೈ ಇಳಿಯುವಷ್ಟು ಬಿರುಕು. ಇದೇ ಮಣ್ಣು ಬಂಡಿ, ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಹಿಟ್ಟಾದರೆ ಅಂಗಡಿಯ ಸಾಮಾನಿನ ಮೇಲೆ, ಹೊಚ್ಚಲದ ಮೇಲೆ, ನೀರಿನ ಕೊಡದ ಮೇಲೆ ಕೂರುತ್ತದೆ.

ಬೀದರ ಶಹರದ್ದು ಬೇರೆ ನೆಲ. ಅದು ಕೆಂಪು ಜಂಬಿಟ್ಟಿಗೆಯ ಪೀಠದ ಮೇಲೆ ಕೂತ ಊರು, ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರ. ಕೋಟೆಯ ಗೋಡೆ ಮೇಲೆ ನಿಂತು ನೋಡಿದರೆ ನೆಲ ಥಟ್ಟನೆ ಇಳಿದು ಮಾಂಜರಾ ಬಯಲಿಗೆ ಹೋಗುವುದು ಕಾಣುತ್ತದೆ. ಬಹಮನಿ ಸುಲ್ತಾನ ಅಹಮದ್ ಷಾ ವಲಿ 1422ರಿಂದ 1436ರವರೆಗೆ ಆಳಿದ. ಅವನ ಕಾಲದಲ್ಲೇ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂತು. ಅರಮನೆಯ ಒಳಜಗಳ, ರಾಜ್ಯದ ನಡುವಿನ ಜಾಗ ಅಂತ ಕಾರಣ ಹಲವು ಹೇಳುತ್ತಾರೆ. ಹವೆಯ ಕಾರಣವೂ ಆ ಪಟ್ಟಿಯಲ್ಲಿ ಯಾವಾಗಲೂ ಇರುತ್ತದೆ. ಹದಿನೇಳನೇ ಶತಮಾನದ ಆರಂಭದಲ್ಲಿ ಬರೆದ ಫಿರಿಶ್ತಾ ಬೀದರಿನ ಹವೆಯನ್ನು ಹೊಗಳಿದ್ದಾನೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಒಳಗೆ ಇವತ್ತು ಹೊಕ್ಕು ನೋಡ್ರಿ, ಮೂರು ಅಂತಸ್ತಿನ ಕೋಣೆಗಳಿಗೆ ಬೆಳಕೂ ಗಾಳಿಯೂ ಬರುವಂತೆ ಯೋಚನೆ ಮಾಡಿ ಕಟ್ಟಿದ್ದಾರೆ. ಅಂದರೆ ಒಳ್ಳೆಯ ಗಾಳಿ ಒಂದು ಸಂಪತ್ತು, ಅದನ್ನು ಹುಡುಕಿಕೊಂಡು ಹೋಗಬೇಕು ಅನ್ನುವುದು ಆರುನೂರು ವರ್ಷದ ಹಿಂದೆಯೇ ಗೊತ್ತಿತ್ತು. ಹುಡುಕಿಕೊಂಡು ಹೋಗುವ ಅನುಕೂಲ ಇದ್ದದ್ದು ಸುಲ್ತಾನನಿಗೆ. ಬಯಲಲ್ಲಿ ಉಳುವವರು ಬಯಲಲ್ಲೇ ಉಳಿದರು.

ಅದೇ ಕಾಲಕ್ಕೆ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ಮಾರುವ ಆಸೆಯಿಂದ ಬೀದರಿಗೆ ಬಂದಿದ್ದ. ದಾರಿಯಲ್ಲಿ ಜುನ್ನಾರಿನಲ್ಲಿ ಮಳೆಗಾಲ ಕಳೆದ. ಅವನ ಟಿಪ್ಪಣಿಯಲ್ಲಿ ಮಳೆಗಾಲವನ್ನೇ ಇಲ್ಲಿಯವರ ಚಳಿಗಾಲ ಅಂತ ಕರೆದಿದ್ದಾನೆ. ನಾಲ್ಕು ತಿಂಗಳು ಹಗಲು ರಾತ್ರಿ ನೀರು, ಕೆಸರು ಅಂತ ಬರೆದಿದ್ದಾನೆ. ಹಿಮದ ನಾಡಿನವನಿಗೆ ಮನೆಯೊಳಗೆ ಕೂರುವ ಕಾಲ ಅಂದರೆ ಚಳಿಗಾಲ. ಇಲ್ಲಿ ಕೂರಿಸಿದ್ದು ಮಳೆ. ನಾಲ್ಕು ತಿಂಗಳು ಕೂರಿಸುವ ಆ ಮಳೆ ನಮ್ಮ ಗಾಳಿಯ ಕತೆಯಲ್ಲಿ ದೊಡ್ಡ ಪಾತ್ರ. ಅದಕ್ಕೇ ಬರುತ್ತೇನೆ.

ನಮ್ಮ ಕಡೆ ವರ್ಷ ಶುರುವಾಗುವುದು ಮಿರಗದಿಂದ. ಜೂನ್ 7, 8ರ ಹೊತ್ತಿಗೆ ಮೃಗಶಿರಾ ಮಳೆ ಕೂಡುತ್ತದೆ. ಪಶ್ಚಿಮದ ಗಾಳಿ ಜೋರಾಗಿ, ತೇವ ಹೊತ್ತು ಬರುತ್ತದೆ. ಗಾಳಿಯಲ್ಲಿರುವ ಧೂಳನ್ನು ಮಳೆಹನಿ ಹಿಡಿದು ನೆಲಕ್ಕೆ ಇಳಿಸುತ್ತದೆ, ಒದ್ದೆ ನೆಲ ಅದನ್ನು ಮತ್ತೆ ಏಳಗೊಡುವುದಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ, ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಈ ನಾಲ್ಕು ತಿಂಗಳು ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಆದರೂ ದಮ್ಮಿನವರಿಗೆ ಮಿರಗದ ತಂಪು ಕಷ್ಟ. ಅದಕ್ಕೇ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಮಿರಗದ ದಿನ ಬದುಕಿರುವ ಮರಿಮೀನಿನ ಬಾಯಲ್ಲಿ ಔಷಧ ಇಟ್ಟು ನುಂಗಿಸುವ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. 1845ರಿಂದ ನಡೆದಿದೆ ಅಂತ ಆ ಮನೆತನ ಹೇಳುತ್ತದೆ. ನಿಜಾಮರ ಕಾಲದಿಂದ ನಮಗೆ ದೊಡ್ಡ ಶಹರ ಅಂದರೆ ಹೈದರಾಬಾದೇ, ಹಾಗಾಗಿ ನಮ್ಮ ಕಡೆಯ ಜನರೂ ಆ ಸಾಲಿನಲ್ಲಿ ನಿಂತವರೇ. ಆಯಿಯೂ ಒಮ್ಮೆ ನುಂಗಿ ಬಂದಿದ್ದಾಳೆ. ಅದರಿಂದ ದಮ್ಮು ಹೋಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಲಕ್ಷಾಂತರ ಜನ ಋತು ಬದಲಾಗುವ ದಿನವನ್ನೂ ಉಸಿರನ್ನೂ ಒಂದಕ್ಕೊಂದು ಕಟ್ಟಿ ನೋಡಿದ್ದರಲ್ಲ, ಆ ನೋಟ ಸುಳ್ಳಲ್ಲ.

ದಸರೆಯ ಹೊತ್ತಿಗೆ ಮಳೆಗಾಳಿ ಹಿಂದೆ ಸರಿಯುತ್ತದೆ. ಪಶ್ಚಿಮದ ಗಾಳಿ ನಿಂತಿರುತ್ತದೆ, ಮೂಡಣ ಗಾಳಿ ಇನ್ನೂ ಸರಿಯಾಗಿ ಹಿಡಿದಿರುವುದಿಲ್ಲ. ಮೋಡವಿಲ್ಲ, ಬೀಸೂ ಇಲ್ಲ. ಆಯಿ ಹೇಳುವ "ಗಾಳಿ ಬಿದ್ದದ" ಅನ್ನುವ ದಿನಗಳು ಇಲ್ಲಿಂದ ಶುರು. ಪುಷ್ಯದ ಚಳಿಯಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ತಂಪು. ಚಳಿಗಾಲದ ರಾತ್ರಿ ಮೋಡ ಇಲ್ಲದಾಗ ನೆಲ ಬೇಗ ಆರುತ್ತದೆ, ನೆಲಕ್ಕೆ ಹತ್ತಿದ ಗಾಳಿಯೂ ಆರುತ್ತದೆ, ಅದರ ಮೇಲೆ ಸ್ವಲ್ಪ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ತಣ್ಣನೆಯ ಗಾಳಿ ಭಾರ, ಅದು ನೀರಿನಂತೆ ತಗ್ಗಿಗೆ, ನಾಲೆಯ ಬದಿಗೆ, ಹೊಳೆಯ ಬಯಲಿಗೆ ಹರಿದು ನಿಲ್ಲುತ್ತದೆ. ಊರಿನ ಒಲೆಗಳ ಹೊಗೆ ಅಲ್ಲೇ ಸಿಕ್ಕಿಬೀಳುತ್ತದೆ. ಬೇಸಿಗೆಯ ಮಧ್ಯಾಹ್ನ ನೆಲದ ಹೊಗೆ, ಧೂಳು ಎರಡು ಮೂರು ಕಿಲೋಮೀಟರ್ ಎತ್ತರದವರೆಗೆ ಕಲಸಿ ತೆಳ್ಳಗಾದರೆ, ಚಳಿಗಾಲದ ಮುಂಜಾನೆ ಅದಕ್ಕೆ ಸಿಗುವ ಜಾಗ ಕೆಲವೇ ನೂರು ಮೀಟರ್. ಹೊಗೆ ಅಷ್ಟೇ ಇದ್ದರೂ ಕೋಣೆ ಸಣ್ಣದಾದರೆ ಕಣ್ಣು ಉರಿಯುವುದಿಲ್ಲವೇ, ಹಂಗೇ ಇದು.

ಹೋಳಿ ಮುಗಿದರೆ ಬಿಸಿಲು. ಮುಚ್ಚಳ ಹಾರಿಹೋಗುತ್ತದೆ, ಹೊಗೆ ನಿಲ್ಲುವುದಿಲ್ಲ. ಅದರ ಬದಲು ಮಣ್ಣಿನ ಧೂಳು. ಸುಂಟರಗಾಳಿ ಎದ್ದು ಬಯಲಲ್ಲಿ ಕುಣಿಯುತ್ತದೆ. ಆದರೆ ಈ ಧೂಳು ದಪ್ಪ, ಬಹುಪಾಲು ಮೂಗು ಗಂಟಲಲ್ಲೇ ಸಿಕ್ಕು ಸೀನು, ಕೆಮ್ಮು ತರುತ್ತದೆ. ಹೊಗೆಯ ಕಣ ಹಂಗಲ್ಲ. 2.5 ಮೈಕ್ರಾನಿಗಿಂತ ಸಣ್ಣದು, ಅಂದರೆ ಒಂದು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕೂ ಕಡಿಮೆ. ಅದು ಶ್ವಾಸಕೋಶದ ಕೊನೆಯ ತನಕ ಹೋಗುತ್ತದೆ. ಕಣ್ಣಿಗೆ ಕಾಣುವ ಬೇಸಿಗೆಯ ಧೂಳಿಗಿಂತ ಕಾಣದ ಚಳಿಗಾಲದ ಹೊಗೆಯೇ ಆಯಿಯಂಥವರಿಗೆ ಹೆಚ್ಚು ಅಪಾಯ.

ಇಷ್ಟು ಪ್ರಕೃತಿ ಮಾಡಿದ್ದು. ಇದು ಬಹಮನಿ ಕಾಲದಲ್ಲೂ ಹೀಗೇ ಇತ್ತು. ಬದಲಾದದ್ದು ಅಂದರೆ ಯಾವ ಗಾಳಿಯಲ್ಲಿ ಏನು ಮಾಡಬೇಕು ಅನ್ನುವ ನಮ್ಮ ಲೆಕ್ಕ.

"ಗಾಳಿ ಬಂದಾಗ ತೂರಿಕೋ" ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಈಗ ಅದನ್ನು ಅವಕಾಶ ಸಿಕ್ಕಾಗ ಬಾಚಿಕೋ ಅನ್ನುವ ಅರ್ಥದಲ್ಲಿ, ಹೆಚ್ಚಾಗಿ ರಾಜಕಾರಣಿಗಳ ಬಗ್ಗೆ ಬಳಸುತ್ತೇವೆ. ಮೂಲದಲ್ಲಿ ಅದು ಕಣದ ಮಾತು. ಮುತ್ಯಾನ ಕಾಲದಲ್ಲಿ ಹಿಂಗಾರಿ ಜೋಳ ಕೊಯ್ದು ಹೊಲದಲ್ಲೇ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟು ಎತ್ತುಗಳನ್ನು ಸುತ್ತ ತಿರುಗಿಸಿ ಹಂತಿ ಹೊಡೆಯುವುದು, ಬೇಸರ ಕಳೆಯಲು ರಾತ್ರಿಯೆಲ್ಲ ಹಂತಿ ಪದ. ಆಮೇಲೆ ಎತ್ತರದ ಮೇಲೆ ನಿಂತು ಬುಟ್ಟಿಯಿಂದ ತೂರುವುದು. ಕಾಳು ಕಾಲಬುಡಕ್ಕೆ, ಹೊಟ್ಟು ಆಚೆಗೆ. ಇದಕ್ಕೆ ಗಾಳಿ ಬೇಕೇ ಬೇಕು. ಗಾಳಿ ಇಲ್ಲದಿದ್ದರೆ ಕೂತು ಕಾಯಬೇಕು, ಒಂದು ದಿನ, ಎರಡು ದಿನ. ಗಾಳಿ ಯಾವ ಕಡೆಯಿಂದ ಬರುತ್ತದೋ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು, ಇಲ್ಲದಿದ್ದರೆ ಹೊಟ್ಟೆಲ್ಲ ಕಣ್ಣಿಗೆ.

ಇದರಲ್ಲಿ ಯಾರೂ ಹೇಳದ ಒಂದು ಲಾಭ ಅಡಗಿತ್ತು. ವರ್ಷದ ಅತಿ ದೊಡ್ಡ ಧೂಳಿನ ಕೆಲಸ ತಾನಾಗಿಯೇ ಗಾಳಿ ಇರುವ ದಿನಕ್ಕೆ, ಊರ ಹೊರಗಿನ ಹೊಲಕ್ಕೆ ಹೋಗಿ ಬೀಳುತ್ತಿತ್ತು. ಗಾಳಿ ಕೆಡದಿರಲಿ ಅಂತ ಯಾರೂ ಹಾಗೆ ಮಾಡಿದ್ದಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೇ. ಇನ್ನು ಜೋಳದ ಕಣಕಿಯನ್ನು ಸುಡುವ ಮಾತೇ ಇಲ್ಲ. ಅದು ದನದ ವರ್ಷದ ಮೇವು. ನಮ್ಮ ಸೀಮೆಯ ದೇವಣಿ ತಳಿಯ ಎತ್ತು, ಆಕಳಿಗೆ ಬಣವಿ ಒಟ್ಟಿ ಕಾಯುತ್ತಿದ್ದರು. ಕಣಕಿ ಸುಟ್ಟರೆ ಮನೆ ಸುಟ್ಟಂತೆ.

ಈಗ ಕತೆ ತಿರುಗಿತು. ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮ ಎರೆಗೆ ಸೋಯಾ ಬಂತು. ಕರ್ನಾಟಕದಲ್ಲಿ ಸೋಯಾಬೀನ್ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಬೀದರ ಮುಂಚೂಣಿಯಲ್ಲಿದೆ. ಮಿರಗಕ್ಕೆ ಬಿತ್ತಿದರೆ ದಸರೆಗೆ ಕೈಗೆ ರೊಕ್ಕ, ಬಿಡುವವರು ಯಾರು? ನಮ್ಮ ಮನೆಯೂ ಬಿಡಲಿಲ್ಲ. ಆ ರೊಕ್ಕದಲ್ಲೇ ನಾನು ಓದಿದವನು. ಆದರೆ ಅದರ ರಾಶಿ ಬೀಳುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ, ಸರಿಯಾಗಿ ಗಾಳಿ ಬೀಳುವ ಹೊತ್ತಿಗೆ. ಮುತ್ಯಾನ ಹಾಗೆ ಗಾಳಿಗೆ ಕಾಯುವ ಅಗತ್ಯ ಈಗಿಲ್ಲ. ರಾಶಿ ಮಾಡುವ ಮಷೀನಿನೊಳಗೇ ಫ್ಯಾನ್ ಇದೆ. ಹೊರಗೆ ಗಾಳಿ ಇರಲಿ ಬಿಡಲಿ, ಅದು ಹೊಟ್ಟನ್ನು ಉಗುಳುತ್ತದೆ. ಉಗುಳಿದ್ದು ಎಲ್ಲಿ ಹೋಗಬೇಕು? ಹೊರಗೆ ಬೀಸು ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ, ನಿಧಾನಕ್ಕೆ ಊರ ಕಡೆ ಸರಿಯುತ್ತದೆ. ಸೋಯಾದ ದಂಟನ್ನು ದನ ಜೋಳದ ಕಣಕಿಯಂತೆ ತಿನ್ನುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ದನವೂ ಕಡಿಮೆ. ಕಡಲೆ ಬಿತ್ತಲು ಹೊಲ ಬೇಗ ಖಾಲಿ ಆಗಬೇಕು. ಕಡ್ಡಿ ಗೀರಿದರೆ ಅರ್ಧ ತಾಸಿನ ಕೆಲಸ. ಭಾಲ್ಕಿ ಕಡೆ ನೀರು ಇರುವಲ್ಲಿ ಕಬ್ಬು ಬಂದಿದೆ, ಕಡಿದ ಮೇಲೆ ರವದಿಗೆ ಬೆಂಕಿ. ಪುಷ್ಯದಲ್ಲಿ ತೊಗರಿ ರಾಶಿ, ಅದೂ ಈಗ ಮಷೀನಿನಲ್ಲೇ. ಹೀಗೆ ದನದ ಹೊಟ್ಟೆಗೆ ಹೋಗುತ್ತಿದ್ದದ್ದರಲ್ಲಿ ಒಂದು ಪಾಲು ಹೊಗೆಯಾಯಿತು, ಗಾಳಿಯ ದಿನ ಆಗುತ್ತಿದ್ದ ಕೆಲಸ ಗಾಳಿ ಇಲ್ಲದ ದಿನಕ್ಕೆ ಬಂತು.

ಸೋಯಾ ಹೊಟ್ಟಿನ ಧೂಳು ಏನು ಮಾಡಬಲ್ಲದು ಅನ್ನುವುದಕ್ಕೆ ದೂರದ ಒಂದು ಉದಾಹರಣೆ ಇದೆ. ಸ್ಪೇನ್ ದೇಶದ ಬಾರ್ಸಿಲೋನಾ ಶಹರದಲ್ಲಿ 1981ರಿಂದ 1987ರ ನಡುವೆ 26 ಸಲ ಒಂದೇ ದಿನದಲ್ಲಿ ಗುಂಪು ಗುಂಪಾಗಿ ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿಬಂದರು. ಕಾರಣ ಗೊತ್ತಾಗಲಿಲ್ಲ. ಕಾರ್ಖಾನೆಯ ಹೊಗೆಯೇ, ವಾಹನವೇ ಅಂತ ಹುಡುಕಿದರು. ವೈದ್ಯರು ದಿನಾಂಕಗಳನ್ನು ಬಂದರಿನ ದಾಖಲೆಯ ಜೊತೆ ಇಟ್ಟು ನೋಡಿದಾಗ, ಆ ದಿನಗಳಲ್ಲೆಲ್ಲ ಬಂದರಿನಲ್ಲಿ ಹಡಗಿನಿಂದ ಸೋಯಾಬೀನ್ ಇಳಿಸುತ್ತಿದ್ದರು ಅನ್ನುವುದು ಹೊರಬಿತ್ತು. 1989ರಲ್ಲಿ ಇದು ಪ್ರಕಟವಾಯಿತು. ಸೋಯಾ ಸಿಪ್ಪೆಯ ಸಣ್ಣ ಧೂಳು ಕೆಲವರ ಶ್ವಾಸನಾಳವನ್ನು ಕೆರಳಿಸುತ್ತಿತ್ತು. ಹಾಗಂತ ಸೋಯಾ ಇಳಿಸಿದ ದಿನವೆಲ್ಲ ಹೀಗಾಗುತ್ತಿರಲಿಲ್ಲ. ಗಾಳಿ ಬಿದ್ದು ಹವೆ ಸ್ತಬ್ಧವಾದ ದಿನ ಆಗುತ್ತಿತ್ತು. ಕಣಜದ ಬಾಯಿಗೆ ಸೋಸುಕ ಹಾಕಿದ ಮೇಲೆ ಆ ಕಾಟ ನಿಂತಿತು. ನಮ್ಮೂರಲ್ಲೂ ಅದೇ ಆಗುತ್ತಿದೆ ಅಂತ ನಾನು ಹೇಳುತ್ತಿಲ್ಲ, ಬಂದರಿನ ಕಣಜ ಬೇರೆ, ಬಯಲಿನ ಹೊಲ ಬೇರೆ. ಆದರೆ ಅದೇ ಬೆಳೆ, ಅದೇ ಹೊಟ್ಟು, ಅದೇ ಬಿದ್ದ ಗಾಳಿ. ಅಲ್ಲಿ ಯಾರೋ ದಿನಾಂಕ ಬರೆದಿಟ್ಟಿದ್ದರು, ಆದ್ದರಿಂದ ಕಾರಣ ಸಿಕ್ಕಿತು.

ನಮ್ಮ ದೇಶದಲ್ಲೇ ಇನ್ನೊಂದು ಉದಾಹರಣೆ. ಪಂಜಾಬಿನಲ್ಲಿ ಅಂತರ್ಜಲ ಉಳಿಸಲೆಂದು 2009ರಲ್ಲಿ ಕಾಯ್ದೆ ಮಾಡಿ ಭತ್ತದ ನಾಟಿಯನ್ನು ಜೂನ್ ತಿಂಗಳಿಗೆ ತಳ್ಳಿದರು. ಉದ್ದೇಶ ಒಳ್ಳೆಯದು. ಆದರೆ ನಾಟಿ ತಡವಾದರೆ ಕೊಯ್ಲು ತಡ, ಕೂಳೆ ಸುಡುವುದೂ ತಡ. ಹೊಗೆ ನವೆಂಬರಿನ ಸ್ತಬ್ಧ ಗಾಳಿಗೆ ಬಂದು ಬಿತ್ತು, ದಿಲ್ಲಿಯ ತನಕ ಹೋಯಿತು. ಬೆಂಕಿಯ ಜೊತೆಗೆ ಅದರ ತಾರೀಖೂ ಗಾಳಿಯನ್ನು ಕೆಡಿಸಬಲ್ಲದು.

ಇಲ್ಲಿಗೆ ಓದಿದವರು ಹಿಂದಿನ ಕಾಲವೇ ಚೆಂದ ಅಂತ ನಾನು ಹಾಡುತ್ತಿದ್ದೇನೆ ಅಂದುಕೊಳ್ಳಬಹುದು. ಹಂಗೇನಿಲ್ಲ. ಹೊರಗಿನ ಗಾಳಿ ಚೆನ್ನಾಗಿದ್ದ ಕಾಲದಲ್ಲೂ ಅಡುಗೆಮನೆಯ ಗಾಳಿ ಕೆಟ್ಟದ್ದೇ ಇತ್ತು. ನಮ್ಮ ಮಣ್ಣಿನ ಮಾಳಿಗೆಮನೆಗಳಿಗೆ ದಪ್ಪ ಗೋಡೆ, ಸಣ್ಣ ಬಾಗಿಲು, ಮೇಲೊಂದು ಬೆಳಕಿಂಡಿ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಒಲೆಯ ಹೊಗೆ ಹೋಗುವುದು ಆ ಒಂದೇ ಕಿಂಡಿಯಿಂದ. ಉರುವಲು ಅಂದರೆ ತೊಗರಿ ಕಟ್ಟಿಗೆ, ಕುಳ್ಳು. ಮಳೆಗಾಲದಲ್ಲಿ ಊರ ಆಕಾಶ ತೊಳೆದಂತೆ ಇರುವಾಗಲೇ ಒಳಗೆ ಹಸಿ ಕಟ್ಟಿಗೆ, ತೇವದ ಕುಳ್ಳಿನ ಹೊಗೆ ಅತಿ ಹೆಚ್ಚು. ಆಯಿ ಹದಿಮೂರನೇ ವಯಸ್ಸಿಗೆ ಮದುವೆಯಾಗಿ ಬಂದವಳು, ಅಂದಿನಿಂದ ದಿನಕ್ಕೆ ಎರಡು ಸಲ ಆ ಹೊಗೆಯ ಮುಂದೆ ಕೂತಿದ್ದಾಳೆ. ಊರಿನ ಗಂಡಸರು ಕಟ್ಟೆ ಮೇಲೆ ಕೂತು ಉಸಿರಾಡಿದ ಗಾಳಿಯೇ ಬೇರೆ, ಹೆಂಗಸರು ಉಸಿರಾಡಿದ್ದೇ ಬೇರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾಯಿತು, ಸಿಲಿಂಡರ್ ಹಳ್ಳಿಗೂ ಬಂತು. ನಮ್ಮ ಮನೆಯಲ್ಲೂ ಗ್ಯಾಸ್ ಇದೆ, ಚಹಾ ಅದರ ಮೇಲೇ ಆಗುತ್ತದೆ. ರೊಟ್ಟಿ, ಸ್ನಾನದ ನೀರು ಮಾತ್ರ ಇನ್ನೂ ಒಲೆಯ ಮೇಲೆ. "ಗ್ಯಾಸ್ ಮ್ಯಾಲ ರೊಟ್ಟಿ ಉಬ್ಬಂಗಿಲ್ಲ," ಅನ್ನುತ್ತಾಳೆ ಆಯಿ. ಸಿಲಿಂಡರಿನ ದರ ಅವಳು ಹೇಳದ ಇನ್ನೊಂದು ಕಾರಣ.

ರಸ್ತೆಯ ಧೂಳಿಗೂ ಇತಿಹಾಸ ಇದೆ. 1972ರ ಬರ ನಮ್ಮ ಸೀಮೆಯ ಹಿರಿಯರಿಗೆಲ್ಲ ನೆನಪಿದೆ. ಆ ವರ್ಷ ಹೊಟ್ಟೆಗೆ ಮಿಲೋ ಜೋಳ, ಕೈಗೆ ಬರಗಾಲದ ಕಾಮಗಾರಿ. ಗಂಡಸರು ಹೆಂಗಸರು ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಕಡಿ ಒಡೆದರು, ಒಡೆದ ಕಡಿಯಿಂದ ರಸ್ತೆ ಆದವು. ಅಲ್ಲಿತನಕ ಮಳೆಗಾಲದಲ್ಲಿ ಎರೆ ಕೆಸರಿಗೆ ಸಿಕ್ಕು ಹೊರಗಿನ ಸಂಪರ್ಕ ಕಳೆದುಕೊಳ್ಳುತ್ತಿದ್ದ ಎಷ್ಟೋ ಊರುಗಳಿಗೆ ಬಸ್ಸು ಬಂದದ್ದು ಅಂಥ ರಸ್ತೆಗಳ ಮೇಲೆ. ಆ ರಸ್ತೆ ಬೇಡ ಅಂತ ಯಾರು ಅನ್ನುತ್ತಾರೆ? ಆದರೆ ರಸ್ತೆಯ ಅಂಚಿಗೆ ಡಾಂಬರು ಇಲ್ಲ, ಎರೆ ಮಣ್ಣೇ. ಒಂದು ಗಾಡಿಗೆ ದಾರಿ ಬಿಡಲು ಇನ್ನೊಂದು ಕೆಳಗಿಳಿದರೆ ಮೋಡ ಏಳುತ್ತದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ದಿನಕ್ಕೆ ಮೂರು ಸಲ ನೀರು ಹೊಡೆಯುತ್ತಾನೆ. ಸದ್ಯಕ್ಕೆ ನಮ್ಮೂರಿನ ಧೂಳು ನಿಯಂತ್ರಣ ಇಲಾಖೆ ಅಂದರೆ ಅವನೇ.

ಇದನ್ನೆಲ್ಲ ಬರೆಯುವಾಗ ಒಂದು ವಿಷಯ ಮನಸ್ಸಿಗೆ ಬಂತು. ನಮ್ಮಲ್ಲಿ ಮಳೆ ಅಳೆಯುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರ ಇಟ್ಟಿದ್ದಾರೆ. ಮಳೆಯಿಂದ ಬೆಳೆ, ಬೆಳೆಯಿಂದ ಕಂದಾಯ, ಬರ ಬಂದರೆ ಪರಿಹಾರ. ಹಾಗಾಗಿ ಸರ್ಕಾರ ಯಾವುದೇ ಇರಲಿ, ಮಳೆಯ ಲೆಕ್ಕ ಇಟ್ಟಿತು. ಉಸಿರಿಗೆ ಕಂದಾಯ ಇಲ್ಲ, ಅದರ ಲೆಕ್ಕ ಯಾರಿಗೆ ಬೇಕು? ದೇಶದಲ್ಲಿ ವಾಯುಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾದಾಗ ನಮ್ಮ ರಾಜ್ಯದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಶಹರಗಳೇ ಎಲ್ಲ. ಹಳ್ಳಿಯ ಗಾಳಿ ಶುದ್ಧ ಅನ್ನುವುದು ಕವಿಗಳ ನಂಬಿಕೆ ಅಷ್ಟೇ ಅಲ್ಲ, ಕಡತದ ನಂಬಿಕೆಯೂ ಹೌದು. ಭಾರತದ ಮಾನದಂಡದಂತೆ ಆ ಸಣ್ಣ ಕಣ ಘನ ಮೀಟರಿಗೆ ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5ಕ್ಕೆ ಇಳಿಸಿತು. ನಮ್ಮೂರು ಈ ಎರಡರ ನಡುವೆ ಎಲ್ಲಿದೆ? ಅಳೆದರೆ ತಾನೆ ಗೊತ್ತಾಗುವುದು.

ಆ ದಿನ ಸಂಜೆ ಕಾಕಾನ ಜೊತೆ ಮಾತಿಗೆ ಕೂತೆ. ನನಗೆ ತಿಳಿದದ್ದನ್ನು ಹೇಳಿದೆ. ಮುಂಜಾನೆ ಹತ್ತರಿಂದ ಸಂಜೆ ನಾಲ್ಕರ ತನಕ ಮುಚ್ಚಳ ಎದ್ದಿರುತ್ತದೆ, ರಾಶಿ ಆ ಹೊತ್ತಿನಲ್ಲಿ ಮಾಡಿದರೆ ಊರಿಗೆ ಧೂಳು ಕಡಿಮೆ. ದಂಟನ್ನು ಸುಡದೆ ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಹೊಲಕ್ಕೂ ಒಳ್ಳೆಯದು. ಸುಡಲೇಬೇಕಾದರೆ ಸಂಜೆ ಬೇಡ. ಮಷೀನಿನ ಬಾಯಿ ಗಾಳಿ ನೋಡಿ ಊರಿಗೆ ಬೆನ್ನು ಮಾಡಿ ನಿಲ್ಲಿಸಬೇಕು.

ಕಾಕಾ ಎಲ್ಲ ಕೇಳಿಸಿಕೊಂಡ. "ನೀ ಹೇಳೋದು ಖರೆ ಅದ. ಆದ್ರ ಮಷೀನ್ ನಂದಲ್ಲ, ಬಾಡಿಗಿದು. ನಂದು ಪಾಳಿ ರಾತ್ರಿ ಒಂಬತ್ತಕ್ಕ ಬಂದ್ರ ನಾ ಹತ್ತು ಗಂಟೆ ಬಿಸಲಿಗಿ ಕಾಯ್ಕೋತ ಕೂಡ್ಲೇನು? ಮಳಿ ಬಂತಂದ್ರ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಷೀನು ನಾಲ್ಕು ಹೆಚ್ಚಿದ್ದರೆ, ಸೊಸೈಟಿಯವರು ಪಾಳಿ ಹಗಲಿಗೆ ಕಟ್ಟಿದ್ದರೆ, ದಂಟು ಪುಡಿ ಮಾಡುವ ಯಂತ್ರ ಬಾಡಿಗೆಗೆ ಹತ್ತಿರದಲ್ಲಿ ಸಿಕ್ಕರೆ ಅವನೂ ಕಾಯುತ್ತಾನೆ. ಒಬ್ಬ ರೈತನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ. ಮುತ್ಯಾನನ್ನು ಕಾಯಿಸಿದ್ದು ಗಾಳಿ. ಕಾಕಾನನ್ನು ಕಾಯಿಸುವ ವ್ಯವಸ್ಥೆಯನ್ನು ನಾವೇ ಮಾಡಬೇಕು.

ಒಂದು ಕೆಲಸ ಮಾತ್ರ ಆಯಿತು. ಕಾಕಾನ ಮಗ ಒಂದು ನೋಟುಬುಕ್ ಮಾಡಿದ್ದಾನೆ. ದಿನಾ ಮುಂಜಾನೆ ಗಾಳಿ ಬೀಸಿದೆಯೋ ಬಿದ್ದಿದೆಯೋ, ಯಾವ ದಿಕ್ಕು, ಹೊಗೆ ಎಷ್ಟು ಹೊತ್ತಿನ ತನಕ ನಿಂತಿತು, ಎಲ್ಲಿ ಬೆಂಕಿ ಕಂಡಿತು, ಆಯಿಗೆ ರಾತ್ರಿ ದಮ್ಮು ಬಂತೋ ಇಲ್ಲವೋ ಅಂತ ಒಂದೊಂದು ಸಾಲು. ಯಂತ್ರದ ಅಳತೆ ಅಲ್ಲ ನಿಜ. ಬಾರ್ಸಿಲೋನಾದಲ್ಲಿ ಕಾರಣ ಹಿಡಿದುಕೊಟ್ಟದ್ದೂ ಹೀಗೆ ಬರೆದಿಟ್ಟ ದಿನಾಂಕಗಳೇ. ಮೊನ್ನೆ ಫೋನ್ ಮಾಡಿದಾಗ ಹೇಳಿದ, ಮೊದಲ ಕಾಲಂ ಮಾತ್ರ ಅವನು ತುಂಬುವುದಿಲ್ಲವಂತೆ. ಎದ್ದ ಕೂಡಲೇ ಆಯಿಯನ್ನು ಕೇಳುತ್ತಾನೆ. ಆಕೆ ಬಾಗಿಲಿಗೆ ಬಂದು, ಸೆರಗು ಸರಿಸಿ, ಒಮ್ಮೆ ಉಸಿರು ಎಳೆದು ನೋಡಿ ಹೇಳುತ್ತಾಳೆ: "ಇವತ್ತ ಗಾಳಿ ಅದ, ಬರಕೋ."